ನವೆಂಬರ್ ಒಂದಕ್ಕೆ ಮಾತು ಕೊಡುವ ಮುನ್ನ

ಪುಟ್ಟಾ,

‘ದೊಡ್ಡಮ್ಮ, ನಮ್ಮ ಕ್ಲಾಸಿನಲ್ಲಿ ಅಮೆರಿಕಕ್ಕೆ ಹೊರಟಿರೋರೆಲ್ಲ ಅರ್ಲಿ ಡಿಸಿಷನ್ ಹಾಕ್ತಿದ್ದಾರೆ, ಹಾಕದಿದ್ರೆ ಚಾನ್ಸೇ ಇಲ್ವಂತೆ, ನಾನೂ ಹಾಕ್ಲಾ?’ ಎಂದು ಕೇಳಿದ್ದೀಯ. ಫೋನಿನಲ್ಲಿ ಹೂಂ, ಉಹೂಂ ಎಂದು ಮುಗಿಸುವ ವಿಷಯವಲ್ಲ ಇದು. ನಿನ್ನ ಅಪ್ಪ ಅಮ್ಮನೂ ಓದಲಿ ಎಂದು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿನ್ನನ್ನು ಕಟ್ಟಿಹಾಕದ ಅರ್ಲಿ ಆ್ಯಕ್ಷನ್ ನಿನ್ನ ಪಟ್ಟಿಯ ಯಾವ ಕಾಲೇಜಿನಲ್ಲಿದ್ದರೂ ಹಾಕು, ಅದರಲ್ಲಿ ಕಳೆದುಕೊಳ್ಳುವುದು ಕಡಿಮೆ. ಅರ್ಲಿ ಡಿಸಿಷನ್ ಮಾತ್ರ, ಮನೆಯಲ್ಲಿ ದುಡ್ಡಿನ ಮಾತು ಬಾಯಿಬಿಟ್ಟು ಆಡಿ ಮುಗಿಸುವ ತನಕ ಹಾಕಬೇಡ. ಉಳಿದವರು ಹಾಕುತ್ತಿದ್ದಾರೆಂಬ ಭಯಕ್ಕಂತೂ ಖಂಡಿತ ಬೇಡ.

ಈ ಎರಡರ ಹೆಸರೂ ಹತ್ತಿರ ಹತ್ತಿರ ಇರುವುದರಿಂದ ಎಷ್ಟೋ ಮನೆಗಳಲ್ಲಿ ಗೊಂದಲ. ಎರಡಕ್ಕೂ ಕೊನೆಯ ದಿನಾಂಕ ಸಾಮಾನ್ಯವಾಗಿ ನವೆಂಬರ್ 1 ಅಥವಾ 15. ಖಾಸಗಿ ಕಾಲೇಜುಗಳ ಉತ್ತರ ಬಹುಮಟ್ಟಿಗೆ ಡಿಸೆಂಬರ್ ಮಧ್ಯಕ್ಕೆ ಬರುತ್ತದೆ. ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳದ್ದು ಜನವರಿಗೆ, ಇನ್ನೂ ಮುಂದಕ್ಕೆ ಹೋಗುವುದುಂಟು. ಅರ್ಲಿ ಆ್ಯಕ್ಷನ್‌ನಲ್ಲಿ ಸೀಟು ಸಿಕ್ಕರೂ ಮೇ 1ರವರೆಗೆ ಯೋಚಿಸಲು ಅವಕಾಶವಿದೆ. ಅರ್ಲಿ ಡಿಸಿಷನ್ ಒಂದೇ ಒಂದು ಕಾಲೇಜಿಗೆ ಹಾಕುವಂಥದ್ದು. ಸೀಟು ಕೊಟ್ಟರೆ ಬಂದೇ ಬರುತ್ತೇನೆ, ಬೇರೆಲ್ಲ ಅರ್ಜಿ ಹಿಂತೆಗೆದುಕೊಳ್ಳುತ್ತೇನೆ ಎಂದು ನೀನೂ, ನಿನ್ನ ತಂದೆ ಅಥವಾ ತಾಯಿಯೂ, ಶಾಲೆಯ ಕೌನ್ಸೆಲರೂ ಸಹಿ ಹಾಕಬೇಕು. ನಡುವೆ ಮೂರನೆಯದೊಂದಿದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್ ಇಟ್ಟುಕೊಂಡಿರುವ ನಿರ್ಬಂಧಿತ ಅರ್ಲಿ ಆ್ಯಕ್ಷನ್. ಸೀಟು ಸಿಕ್ಕಿದರೆ ಸೇರಲೇಬೇಕೆಂದಿಲ್ಲ, ಆದರೆ ಆ ಸುತ್ತಿನಲ್ಲಿ ಅಮೆರಿಕದ ಬೇರೆ ಖಾಸಗಿ ಕಾಲೇಜಿಗೆ ಬೇಗನೆ ಹಾಕುವಂತಿಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಹಾಕಬಹುದು. ಎಂಐಟಿಯ ಅರ್ಲಿ ಆ್ಯಕ್ಷನ್‌ಗೆ ಈ ನಿರ್ಬಂಧವೂ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ, ಲಾಸ್ ಏಂಜಲೀಸ್ ಮುಂತಾದ ಕ್ಯಾಂಪಸ್ಸುಗಳಲ್ಲಿ ಬೇಗ, ತಡ ಎಂಬ ಭೇದವೇ ಇಲ್ಲ.

ನಿಮ್ಮಣ್ಣ ಸಿಇಟಿ ಬರೆದಾಗ ಕೆಇಎ ವೆಬ್‌ಸೈಟಿನ ಮುಂದೆ ಮನೆಮಂದಿಯೆಲ್ಲ ಕೂತಿದ್ದಿರಲ್ಲ, ಅದನ್ನು ನೆನಪಿಸಿಕೋ. ಅಲ್ಲಿ ಮೊದಲು ಸೀಟು ಹಂಚಿಕೆಯಾಯಿತು. ಯಾವ ಕಾಲೇಜು, ಯಾವ ಬ್ರಾಂಚು, ಫೀಸೆಷ್ಟು ಎಂದು ಕಣ್ಣೆದುರಿಗಿತ್ತು. ಅದನ್ನು ನೋಡಿದ ಮೇಲೆ ಚಾಯ್ಸ್ 1 ಒತ್ತಿ ಸೇರಬೇಕೋ, ಚಾಯ್ಸ್ 2 ಒತ್ತಿ ಇದನ್ನು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಹೋಗಬೇಕೋ ಎಂದು ಚರ್ಚೆ ಮಾಡಿದಿರಿ. ಅರ್ಲಿ ಡಿಸಿಷನ್‌ನಲ್ಲಿ ಈ ಕ್ರಮ ತಿರುವುಮುರುವು. ಸೀಟೂ ಗೊತ್ತಿಲ್ಲ, ನಿಮ್ಮ ಪಾಲಿಗೆ ಬೀಳುವ ಖರ್ಚೂ ಗೊತ್ತಿಲ್ಲ, ಚಾಯ್ಸ್ 1 ಮಾತ್ರ ಅಕ್ಟೋಬರ್ ತಿಂಗಳಲ್ಲೇ ಒತ್ತಿ ಕೂತಿರುತ್ತೀರಿ. ನಮ್ಮ ಕಡೆಯ ತಂದೆತಾಯಿಗೆ ಇದು ಮೊದಲ ಸಲಕ್ಕೆ ಮನಸ್ಸಿಗೆ ಇಳಿಯುವುದಿಲ್ಲ. ಅಪ್ಪನಿಗೆ ಹೀಗೇ ಬಿಡಿಸಿ ಹೇಳು.

ಇನ್ನು ನಿನ್ನನ್ನು ಕಾಡುತ್ತಿರುವ ‘ಚಾನ್ಸ್’ ವಿಚಾರ. ಬೇಗ ಹಾಕಿದರೆ ಲಾಭವಿದೆ ಎನ್ನುವುದು ಬರೀ ವದಂತಿಯಲ್ಲ. ಕ್ರಿಸ್ಟೋಫರ್ ಏವರಿ, ಆ್ಯಂಡ್ರೂ ಫೇರ್‌ಬ್ಯಾಂಕ್ಸ್, ರಿಚರ್ಡ್ ಝೆಕ್‌ಹೌಸರ್ ಎಂಬ ಮೂವರು 2003ರಲ್ಲಿ ಇದರ ಮೇಲೊಂದು ಪುಸ್ತಕವನ್ನೇ ತಂದರು. ಹೆಸರಾಂತ 14 ಕಾಲೇಜುಗಳ ಐದು ಲಕ್ಷಕ್ಕೂ ಹೆಚ್ಚು ಅರ್ಜಿಗಳ ದಾಖಲೆ ಜಾಲಾಡಿ, ಬೇಗ ಹಾಕುವುದು ಸ್ಯಾಟ್ ಪರೀಕ್ಷೆಯಲ್ಲಿ ಸುಮಾರು 100 ಅಂಕ ಹೆಚ್ಚು ಪಡೆದುದಕ್ಕೆ ಸಮ ಎಂದರು. ಕಾಲೇಜಿನ ಕಡೆಯಿಂದ ನೋಡಿದರೆ ಕಾರಣ ಸರಳ. ಸೀಟು ಕೊಟ್ಟವರಲ್ಲಿ ಎಷ್ಟು ಜನ ಬಂದು ಸೇರುತ್ತಾರೆ ಎಂಬುದು ಅವರಿಗೆ ಪ್ರತಿವರ್ಷದ ತಲೆನೋವು. ಬಂದೇ ಬರುತ್ತೇನೆ ಎಂದು ಸಹಿ ಹಾಕಿದವರಿಂದ ಆ ಚಿಂತೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಂಥ ಕಡೆ ಮೊದಲ ವರ್ಷದ ಸೀಟುಗಳಲ್ಲಿ ಹೆಚ್ಚುಕಡಿಮೆ ಅರ್ಧ ಡಿಸೆಂಬರಿನಲ್ಲೇ ತುಂಬಿಹೋಗುತ್ತವೆ.

ಆದರೆ ಬೇಗ ಹಾಕಿದವರಲ್ಲಿ ಇಷ್ಟು ಶೇಕಡಾ, ಆಮೇಲೆ ಹಾಕಿದವರಲ್ಲಿ ಅಷ್ಟು ಶೇಕಡಾ ಎಂದು ನಿನ್ನ ಗೆಳತಿಯರು ಕಳಿಸುವ ಲೆಕ್ಕವನ್ನು ಹಾಗೇ ನಂಬಬೇಡ. ಆ ಬೇಗದ ಗುಂಪಿನಲ್ಲಿ ಕಾಲೇಜಿನ ತಂಡಕ್ಕಾಗಿ ಕೋಚ್‌ಗಳು ಮೊದಲೇ ಆರಿಸಿಟ್ಟುಕೊಂಡ ಆಟಗಾರರಿರುತ್ತಾರೆ, ಅಲ್ಲೇ ಓದಿದವರ ಮಕ್ಕಳಿರುತ್ತಾರೆ, ಅಲ್ಲಿ ಪಾಠ ಮಾಡುವವರ ಮಕ್ಕಳಿರುತ್ತಾರೆ. ಅವರನ್ನು ತೆಗೆದು ನೋಡಿದರೆ ಬೆಂಗಳೂರಿನಿಂದ ಅರ್ಜಿ ಹಾಕುವ ಹುಡುಗಿಗೆ ಉಳಿಯುವ ಲಾಭ ಆ ಶೇಕಡಾವಾರು ತೋರಿಸುವುದಕ್ಕಿಂತ ಚಿಕ್ಕದು. ಅದರ ಮೇಲೆ ಧನಸಹಾಯ ಕೇಳಿದೆಯೆಂದರೆ ಲೆಕ್ಕವೇ ಬದಲಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಪದ್ಧತಿ ಉಳ್ಳವರಿಗೆ ಅನುಕೂಲ ಎಂಬುದು ಕಾಲೇಜುಗಳಿಗೇ ಗೊತ್ತಿಲ್ಲದ ಸಂಗತಿಯಲ್ಲ. 2006ರಲ್ಲಿ ಹಾರ್ವರ್ಡ್ ತನ್ನ ಅರ್ಲಿ ಸುತ್ತನ್ನು ನಿಲ್ಲಿಸುವುದಾಗಿ ಹೇಳಿತು. ಆಗ ಡೆರೆಕ್ ಬೋಕ್ ಅದರ ಹಂಗಾಮಿ ಅಧ್ಯಕ್ಷರು. ಸ್ಥಿತಿವಂತರ ಮಕ್ಕಳಿಗೆ ಇದರಿಂದ ಇನ್ನಷ್ಟು ಅನುಕೂಲವಾಗುತ್ತದೆ ಎಂಬುದೇ ಕಾರಣ. ಪ್ರಿನ್ಸ್‌ಟನ್ ಮತ್ತು ವರ್ಜೀನಿಯಾ ವಿಶ್ವವಿದ್ಯಾಲಯ ಬೆನ್ನಿಗೇ ನಿಲ್ಲಿಸಿದವು. ಉಳಿದವರು ಹಿಂಬಾಲಿಸಲಿಲ್ಲ. 2011ರಲ್ಲಿ ಹಾರ್ವರ್ಡ್, ಪ್ರಿನ್ಸ್‌ಟನ್ ಎರಡೂ ಸೇರಲೇಬೇಕೆಂಬ ಕಟ್ಟುಪಾಡಿಲ್ಲದ ರೂಪದಲ್ಲಿ ಬೇಗದ ಸುತ್ತನ್ನು ಮತ್ತೆ ತಂದವು. ಇದನ್ನು ಯಾಕೆ ಹೇಳಿದೆನೆಂದರೆ, ಈ ಸುತ್ತಿನಲ್ಲಿ ನಿನಗೆ ಅಳುಕು ಬಂದರೆ ನಿನ್ನ ಯೋಗ್ಯತೆ ಕಡಿಮೆಯೆಂದು ಅಂದುಕೊಳ್ಳಬೇಡ. ಬೆಲೆ ನೋಡದೆ ಸಹಿ ಹಾಕಬಲ್ಲ ಮನೆಗಳಿಗೆ ಹೊಂದುವ ಅಳತೆಯಲ್ಲಿ ಇದನ್ನು ಹೊಲಿದಿದ್ದಾರೆ.

ಈಗ ದುಡ್ಡಿಗೆ ಬರೋಣ. ನಮ್ಮ ಮನೆಗಳಲ್ಲಿ ಮಕ್ಕಳೆದುರು ದುಡ್ಡಿನ ಮಾತು ಆಡುವುದಿಲ್ಲ. ‘ನೀನು ಓದು, ಉಳಿದದ್ದು ನಮಗಿರಲಿ’ ಎಂದು ನಿನ್ನಪ್ಪ ಹೇಳಿಯೇ ಇರುತ್ತಾರೆ. ಅದು ಪ್ರೀತಿಯ ಮಾತು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಇಲ್ಲಿ ಆ ಮಾತು ಸಾಲದು. ಅನೇಕ ಖಾಸಗಿ ಕಾಲೇಜುಗಳಲ್ಲಿ ಬೋಧನಾ ಶುಲ್ಕ, ಊಟ, ವಸತಿ ಎಲ್ಲ ಸೇರಿ ವರ್ಷದ ಖರ್ಚು 90 ಸಾವಿರ ಡಾಲರ್ ದಾಟಿದೆ. ರೂಪಾಯಿಯಲ್ಲಿ ಅದು 75 ಲಕ್ಷಕ್ಕೂ ಮೇಲು, ನಾಲ್ಕು ವರ್ಷಕ್ಕೆ ಮೂರು ಕೋಟಿ. ಅದೂ ಇವತ್ತಿನ ಲೆಕ್ಕ. ಶುಲ್ಕ ವರ್ಷವರ್ಷ ಏರುತ್ತದೆ, ರೂಪಾಯಿ ಇಳಿಯುತ್ತದೆ. 2014ರಲ್ಲಿ ಡಾಲರಿಗೆ 60 ರೂಪಾಯಿಯ ಆಸುಪಾಸು ಕೊಡುತ್ತಿದ್ದೆವು, ಹತ್ತು ವರ್ಷದಲ್ಲಿ ಅದು 84ರ ಹತ್ತಿರ ಬಂದಿತ್ತು. ಮೊದಲ ವರ್ಷಕ್ಕೆ ದುಡ್ಡು ಹೊಂದಿಸಿ, ಮುಂದಿನದು ದೇವರಿಟ್ಟಂತಾಗಲಿ ಎಂದು ಕಳಿಸಿದ ಮನೆಗಳನ್ನು ಕಂಡಿದ್ದೇನೆ. ಮೂರನೆಯ ವರ್ಷಕ್ಕೆ ಬರುವಷ್ಟರಲ್ಲಿ ಆ ಮಕ್ಕಳು ಪುಸ್ತಕಕ್ಕಿಂತ ಹೆಚ್ಚಾಗಿ ಬ್ಯಾಂಕಿನ ಕಂತಿನ ಬಗ್ಗೆ ಯೋಚಿಸುತ್ತಿರುತ್ತಾರೆ.

‘ಧನಸಹಾಯ ಕೇಳಿದರಾಯಿತು’ ಎನ್ನುತ್ತೀಯ. ಅಮೆರಿಕದ ಸರ್ಕಾರದ ನೆರವು ನಿನಗೆ ಸಿಗುವುದಿಲ್ಲ, ನೀನು ಅಲ್ಲಿಯ ಪ್ರಜೆಯಲ್ಲ, ಗ್ರೀನ್ ಕಾರ್ಡೂ ಇಲ್ಲ. ಕಾಲೇಜೇ ತನ್ನ ಗಂಟಿನಿಂದ ಕೊಡಬೇಕು. ಹೊರದೇಶದ ಮಕ್ಕಳ ವಿಷಯದಲ್ಲಿ ಬಹುಪಾಲು ಕಾಲೇಜುಗಳು, ಈ ಹುಡುಗಿಗೆ ಎಷ್ಟು ದುಡ್ಡು ಕೊಡಬೇಕಾದೀತು ಎಂಬುದನ್ನೂ ನೋಡಿಯೇ ಸೀಟಿನ ತೀರ್ಮಾನ ಮಾಡುತ್ತವೆ. ಅಂದರೆ ಸಹಾಯ ಕೇಳುವುದೇ ಆಯ್ಕೆಯಲ್ಲಿ ನಿನ್ನ ವಿರುದ್ಧ ಹೋಗಬಹುದು. ಹಾಗೆಂದು ಕೇಳದೆ ಸುಮ್ಮನಿದ್ದು, ಸೇರಿದ ಮೇಲೆ ಕೇಳೋಣ ಎಂದುಕೊಂಡರೆ, ಅರ್ಜಿ ಹಾಕುವಾಗ ಕೇಳದವರಿಗೆ ನಾಲ್ಕು ವರ್ಷವೂ ಸಹಾಯವಿಲ್ಲ ಎಂಬ ನಿಯಮ ಹಲವು ಕಾಲೇಜುಗಳಲ್ಲಿದೆ. ಈ ಸಾಲನ್ನು ಅಪ್ಪನಿಗೆ ಎರಡು ಸಲ ಓದಿಸು.

ಕೆಲವೇ ಕೆಲವು ಕಾಲೇಜುಗಳು ಹೊರದೇಶದವರಿಗೂ ದುಡ್ಡಿನ ಅಗತ್ಯ ನೋಡದೆ ಸೀಟಿನ ತೀರ್ಮಾನ ಮಾಡಿ, ಆಮೇಲೆ ಅಗತ್ಯವಿದ್ದಷ್ಟನ್ನೂ ಕೊಡುತ್ತವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ ಆ ಪಟ್ಟಿಯಲ್ಲಿವೆ. ಅವುಗಳ ಬೇಗದ ಸುತ್ತು ಯಾವುದೂ ನಿನ್ನನ್ನು ಕಟ್ಟಿಹಾಕುವುದಿಲ್ಲ. ಆ್ಯಮ್ಹರ್ಸ್ಟ್, ಡಾರ್ಟ್‌ಮತ್, ಬೌಡನ್, ಬ್ರೌನ್ ಕೂಡ ಅದೇ ಪಟ್ಟಿಯಲ್ಲಿವೆ, ಅಲ್ಲಿ ಅರ್ಲಿ ಡಿಸಿಷನ್ ಇದೆ. ದುಡ್ಡು ಬೇಕಿದ್ದೂ ಅರ್ಲಿ ಡಿಸಿಷನ್ ಹಾಕಲೇಬೇಕು ಎಂಬ ಹಟ ನಿನಗಿದ್ದರೆ ಈ ನಾಲ್ಕರಂಥ ಕಾಲೇಜುಗಳನ್ನು ಮೊದಲು ನೋಡು. ಇಲ್ಲಿ ಸೀಟು ಸಿಗುವುದು ಬಹಳ ಕಷ್ಟ ನಿಜ, ಆದರೆ ಸಹಾಯ ಕೇಳಿದ ಕಾರಣಕ್ಕೆ ಹಿಂದೆ ಬೀಳುವುದಿಲ್ಲ.

‘ಅಗತ್ಯವಿದ್ದಷ್ಟು’ ಎನ್ನುವುದನ್ನು ಲೆಕ್ಕ ಹಾಕುವವರು ಅವರು, ನಾವಲ್ಲ. ಸಿಎಸ್ಎಸ್ ಪ್ರೊಫೈಲ್ ಎಂಬ ಅರ್ಜಿಯಲ್ಲಿ ಸಂಬಳ ಮಾತ್ರವಲ್ಲ, ಮನೆ, ನಿವೇಶನ, ಉಳಿತಾಯ ಎಲ್ಲವನ್ನೂ ಕೇಳುತ್ತಾರೆ. ನಿಮ್ಮ ತಾತ ಎಂದೋ ಕೊಂಡ ಸೈಟಿನ ಮೇಲೆ ಕಟ್ಟಿದ ಮನೆಗೆ ಇವತ್ತು ಜಯನಗರದಲ್ಲಿ ಏನು ಬೆಲೆ ಎಂಬುದು ನಿನಗೆ ಗೊತ್ತು. ಕಾಗದದ ಮೇಲೆ ನೀವು ಶ್ರೀಮಂತರು, ತಿಂಗಳ ಸಂಬಳದಲ್ಲಿ ಅಲ್ಲ. ಅಮೆರಿಕದ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ ಖರ್ಚು ಅಂದಾಜಿಸುವ ಕ್ಯಾಲ್ಕ್ಯುಲೇಟರ್ ಇಡಲೇಬೇಕೆಂದು 2011ರಿಂದ ಕಾನೂನಿದೆ. ಅವುಗಳಲ್ಲಿ ಹೆಚ್ಚಿನವು ಅಲ್ಲಿಯ ಪ್ರಜೆಗಳ ಲೆಕ್ಕಕ್ಕೆ ಮಾಡಿದವು, ನಿನ್ನ ಕುಟುಂಬಕ್ಕೆ ಅದೇ ಉತ್ತರ ಬರುತ್ತದೆಂದು ನೆಚ್ಚಬೇಡ. ಧನಸಹಾಯ ವಿಭಾಗಕ್ಕೆ ನೇರವಾಗಿ ಇಮೇಲ್ ಬರೆದು ಕೇಳು. ಸಂಕೋಚ ಬೇಡ, ಅದಕ್ಕೆಂದೇ ಅಲ್ಲಿ ಜನ ಕೂತಿದ್ದಾರೆ.

ಕೊಟ್ಟ ಸಹಾಯ ಸಾಲದಿದ್ದರೆ ಅರ್ಲಿ ಡಿಸಿಷನ್‌ನಿಂದ ಬಿಡುಗಡೆ ಕೇಳಬಹುದು, ಅದು ಒಪ್ಪಂದದಲ್ಲೇ ಇದೆ. ಸಹಾಯಕ್ಕೆ ಅರ್ಜಿಯನ್ನೇ ಹಾಕದವರಿಗೆ ಆ ಬಾಗಿಲಿಲ್ಲ. ಬಿಡುಗಡೆ ಸಿಕ್ಕರೂ ಡಿಸೆಂಬರ್ ಕೊನೆಯಲ್ಲಿ, ಕೈಯಲ್ಲಿ ಹೋಲಿಸಿ ನೋಡಲು ಬೇರೊಂದು ಪತ್ರವಿಲ್ಲದೆ, ಒಲಿದು ಬಂದ ಸೀಟನ್ನು ಬೇಡವೆನ್ನುವ ಧೈರ್ಯ ಎಷ್ಟು ತಂದೆತಾಯಿಗಿದೆ? ಮನೆ ಅಡವಿಟ್ಟಾದರೂ ಕಳಿಸೋಣ ಎನ್ನುತ್ತಾರೆ. ಏಪ್ರಿಲಿನಲ್ಲಿ ಮೂರು ನಾಲ್ಕು ಕಾಲೇಜಿನ ಪತ್ರ ಪಕ್ಕಪಕ್ಕ ಇಟ್ಟುಕೊಂಡು, ಇಲ್ಲಿ ಇಷ್ಟು ಸ್ಕಾಲರ್‌ಶಿಪ್, ಅಲ್ಲಿ ಅಷ್ಟು ಎಂದು ನೋಡುವ ಅವಕಾಶ ನಮ್ಮಂಥ ಮಧ್ಯಮ ವರ್ಗದ ಮನೆಗೆ ಬಹಳ ದೊಡ್ಡದು. ಅರ್ಲಿ ಡಿಸಿಷನ್‌ನಲ್ಲಿ ನೀನು ಬಿಟ್ಟುಕೊಡುವುದು ಅದನ್ನೇ. ಅರ್ಲಿ ಆ್ಯಕ್ಷನ್ ಇದಕ್ಕೆ ಉಲ್ಟಾ. ಹಲವೆಡೆ ಪ್ರತಿಭಾ ಸ್ಕಾಲರ್‌ಶಿಪ್ ಬೇಕಿದ್ದರೆ ಬೇಗ ಹಾಕಲೇಬೇಕು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬಹುತೇಕ ವಿಷಯಗಳಿಗೆ ಹಾಗೇ ಇದೆ. ಅದಕ್ಕೇ ಮೊದಲೇ ಹೇಳಿದೆ, ಅದನ್ನು ಧಾರಾಳವಾಗಿ ಹಾಕು.

ದುಡ್ಡಿನ ಚಿಂತೆಯೇ ಇಲ್ಲದ ಮನೆಯ ಮಗುವಿಗೂ ಒಂದು ಪ್ರಶ್ನೆ ಉಳಿಯುತ್ತದೆ, ಅದು ನಿನಗೂ ಇದೆ. ನೀನು ಅರ್ಲಿ ಡಿಸಿಷನ್ ಹಾಕಬೇಕೆಂದಿರುವ ಕಾಲೇಜನ್ನೇ ತೆಗೆದುಕೋ. ಪಟ್ಟಿಯಲ್ಲಿರುವ ಎಲ್ಲ ಕಾಲೇಜೂ ಬಾ ಎಂದರೂ ನೀನು ಅಲ್ಲಿಗೇ ಹೋಗುತ್ತೀಯಾ? ‘ಹೌದು’ ಎನ್ನುವುದಾದರೆ ಯಾಕೆ ಎಂದು ಹೇಳು. ಅಲ್ಲಿಯ ಜೀವಶಾಸ್ತ್ರ ವಿಭಾಗದಲ್ಲಿ ಮೊದಲ ಎರಡು ವರ್ಷ ಏನೇನು ಕಲಿಸುತ್ತಾರೆ, ಲ್ಯಾಬಿನಲ್ಲಿ ಕೆಲಸ ಮಾಡಲು ಯಾವಾಗ ಬಿಡುತ್ತಾರೆ, ಮಧ್ಯೆ ವಿಷಯ ಬದಲಿಸಬೇಕೆನಿಸಿದರೆ ಬಿಡುತ್ತಾರೋ ಇಲ್ಲವೋ, ಜನವರಿಯಲ್ಲಿ ನಾಲ್ಕೂವರೆಗೆ ಕತ್ತಲಾಗುವ ಆ ಊರಿನಲ್ಲಿ ಇರಬಲ್ಲೆಯೋ ಇಲ್ಲವೋ. ಇವಕ್ಕೆ ಉತ್ತರವಿಲ್ಲದೆ ಬರೀ ಹೆಸರು ಬಾಯಲ್ಲಿದ್ದರೆ, ನಿನಗೆ ಬೇಕಾಗಿರುವುದು ಆ ಕಾಲೇಜಲ್ಲ. ಡಿಸೆಂಬರಿನಲ್ಲೇ ಈ ಗೋಳು ಮುಗಿಯಲಿ ಎಂಬ ಆಸೆ. ಆ ಆಸೆ ತಪ್ಪಲ್ಲ. ಆದರೆ ಅದನ್ನು ನಂಬಿ ನಾಲ್ಕು ವರ್ಷದ ಮಾತು ಕೊಡಬೇಡ.

ಹೆಸರಿನ ಬಗ್ಗೆ ಇನ್ನೊಂದು ಮಾತು. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಮಟ್ಟದ ಕಾಲೇಜುಗಳಿಗೆ ಅರ್ಜಿ ಹಾಕಿ ಒಂದೇ ಬಗೆಯ ಉತ್ತರ ಪಡೆದ ಮಕ್ಕಳಲ್ಲಿ, ಹೆಚ್ಚು ಹೆಸರಿರುವ ಕಡೆ ಸೇರಿದವರೂ ಕಡಿಮೆ ಹೆಸರಿನ ಕಡೆ ಸೇರಿದವರೂ ಮುಂದೆ ಹೆಚ್ಚುಕಡಿಮೆ ಒಂದೇ ಸಂಬಳ ಗಳಿಸಿದ್ದರು. ಬಡ ಕುಟುಂಬದ ಮಕ್ಕಳಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಗೊತ್ತಾಗುವಷ್ಟು ಲಾಭವಾಗಿತ್ತು. ಅವರು ನೋಡಿದ್ದು ಅಮೆರಿಕದ ಮಕ್ಕಳನ್ನು, ಅದೂ 1976ರಲ್ಲಿ ಕಾಲೇಜು ಸೇರಿದವರನ್ನು. ನಿನಗೆ ಅಕ್ಷರಶಃ ಅನ್ವಯಿಸುತ್ತದೆ ಎನ್ನುವುದಿಲ್ಲ. ಆದರೂ ಆ ಒಂದು ಕಾಲೇಜು ತಪ್ಪಿದರೆ ಬಾಳೇ ಮುಗಿಯಿತು ಎಂದು ನಿನ್ನನ್ನು ಹೆದರಿಸುವವರ ಮಾತಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಇರುವುದು ನಾನು ಕಂಡಿಲ್ಲ.

ಬೇಗ ಹಾಕುವುದೆಂದರೆ ಬೇಗ ಸಿದ್ಧವಾಗುವುದು ಕೂಡ. ನವೆಂಬರ್ 1ಕ್ಕೆ ನಿನ್ನ ಅರ್ಜಿ ಜನವರಿಯಲ್ಲಿ ಇರುವಷ್ಟೇ ಚೆನ್ನಾಗಿರುತ್ತದೆಯೇ? 650 ಪದದ ಆ ಮುಖ್ಯ ಪ್ರಬಂಧ ನೀನು ಕಳಿಸಿದ್ದನ್ನು ಓದಿದೆ. ನಿನ್ನ ಸಾಧನೆಗಳ ಪಟ್ಟಿ ಅದರಲ್ಲಿದೆ, ನೀನು ಇನ್ನೂ ಬಂದಿಲ್ಲ. ಮತ್ತೆ ಬರೆ. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್ ಆಗಸ್ಟ್ 1ಕ್ಕೇ ತೆರೆದಿದೆ, ಸಮಯವಿದೆ. ಎಂಐಟಿ 2022ರಲ್ಲೂ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್ 2024ರಲ್ಲೂ ಸ್ಯಾಟ್‌ನಂಥ ಪರೀಕ್ಷೆಯ ಅಂಕ ಬೇಕೇ ಬೇಕು ಎಂದು ಮರಳಿ ಹೇಳಿವೆ. ಬೇಗದ ಸುತ್ತಿಗೆ ಅಕ್ಟೋಬರಿನ ಸ್ಯಾಟೇ ಕೊನೆಯದೆಂದು ಇಟ್ಟುಕೋ. ಹನ್ನೊಂದನೇ ತರಗತಿಯಲ್ಲಿ ನಿನ್ನ ಗಣಿತದ ಅಂಕ ಕುಸಿದಿದ್ದು ನಿನಗೂ ಗೊತ್ತು. ಈ ವರ್ಷದ ಅರ್ಧವಾರ್ಷಿಕದಲ್ಲಿ ಎದ್ದು ನಿಂತಿದ್ದನ್ನು ಅವರಿಗೆ ತೋರಿಸಬೇಕೆಂದಿದ್ದರೆ ಜನವರಿಯ ಸುತ್ತೇ ನಿನಗೆ ಒಳ್ಳೆಯದು.

ಶಾಲೆಯ ಕೆಲಸವನ್ನು ಮಾತ್ರ ಕಡೆಯ ದಿನಕ್ಕೆ ಬಿಡಬೇಡ. ಕಾಮನ್ ಆ್ಯಪ್‌ನಲ್ಲಿ ಗಡುವು ನೀನಿರುವ ಊರಿನ ಗಡಿಯಾರದ ರಾತ್ರಿ 11:59ಕ್ಕೆ. ನವೆಂಬರ್ 1 ನಮಗೆ ರಾಜ್ಯೋತ್ಸವ, ಆಫೀಸು ಮುಚ್ಚಿರುತ್ತದೆ. ಅದರ ಹಿಂದೆಮುಂದೆ ದೀಪಾವಳಿ ರಜೆ, ಅದಕ್ಕೂ ಮೊದಲು ದಸರಾ ರಜೆ. ಒಂಬತ್ತರಿಂದ ಹನ್ನೊಂದರವರೆಗಿನ ಅಂಕಪಟ್ಟಿ, ಇಬ್ಬರು ಮೇಷ್ಟ್ರ ಪತ್ರ, ಬೋರ್ಡ್ ಪರೀಕ್ಷೆಯ ಅಂದಾಜು ಅಂಕ ಎಲ್ಲ ಸೆಪ್ಟೆಂಬರಿನಲ್ಲೇ ಕೇಳಿಡು. ನಿಮ್ಮ ಶಾಲೆಯಲ್ಲಿ ಕೌನ್ಸೆಲರ್ ಇದ್ದಾರೆ. ಪಿಯು ಕಾಲೇಜಿನಲ್ಲಿ ಓದುವ ನಿನ್ನ ಗೆಳತಿಗೆ ಆ ಸಹಿ ಪ್ರಿನ್ಸಿಪಾಲರೇ ಹಾಕಬೇಕಾಗುತ್ತದೆ. ಅವರಿಗೆ ಏನಿದು ಎಂದು ಕೂತು ವಿವರಿಸಲು ಹೇಳು. ಮಾತು ಕೊಟ್ಟು ತಪ್ಪಿದರೆ ಆ ಕಾಲೇಜು ಮುಂದಿನ ವರ್ಷ ಅದೇ ಶಾಲೆಯಿಂದ ಹಾಕುವ ಮಕ್ಕಳನ್ನೂ ಸಂಶಯದಿಂದ ನೋಡಬಹುದು. ನಿನ್ನ ಸಹಿಯ ಭಾರ ನಿನ್ನೊಬ್ಬಳದಲ್ಲ.

ಬೇಗ ಹಾಕಿದವರು ಮಾಡುವ ಇನ್ನೊಂದು ಕೆಲಸ ನೋಡಿ ನನಗೆ ಪ್ರತಿ ವರ್ಷ ಸಂಕಟವಾಗುತ್ತದೆ. ಅರ್ಜಿ ಕಳಿಸಿದ ಮೇಲೆ ಉಳಿದ ಕಾಲೇಜುಗಳ ಪ್ರಬಂಧ ಮುಟ್ಟುವುದೇ ಇಲ್ಲ. ಅಮೆರಿಕದ ಪೂರ್ವ ಕರಾವಳಿಯ ಸಂಜೆ ಏಳಕ್ಕೆ ಫಲಿತಾಂಶ ಬಂದರೆ ಬೆಂಗಳೂರಿನಲ್ಲಿ ಮರುದಿನ ಬೆಳಗಿನ ಐದೂವರೆ. ಇಲ್ಲವೆಂಬ ಉತ್ತರ ಓದಿ ಅತ್ತು, ಕಣ್ಣೊರೆಸಿಕೊಂಡು ನೋಡಿದರೆ ಜನವರಿ 1ಕ್ಕೆ ಎರಡೇ ವಾರ. ಆ ಮನಸ್ಥಿತಿಯಲ್ಲಿ ಹತ್ತು ಕಾಲೇಜಿಗೆ ಬರೆದ ಪ್ರಬಂಧ ಯಾರನ್ನು ಒಲಿಸೀತು? ಉಳಿದವನ್ನೂ ಡಿಸೆಂಬರ್ ಮೊದಲ ವಾರದೊಳಗೆ ಮುಗಿಸಿಡು, ಸೀಟು ಸಿಕ್ಕರೆ ಎಸೆದರಾಯಿತು. ಹೌದೂ ಇಲ್ಲ, ಇಲ್ಲವೂ ಇಲ್ಲ ಎಂದು ಸಾಮಾನ್ಯ ಸುತ್ತಿಗೆ ದೂಡುವುದೂ ಉಂಟು. ಆಗ ನಿನ್ನ ಬದ್ಧತೆ ಅಲ್ಲಿಗೆ ಮುಗಿಯಿತು, ಬೇರೆಲ್ಲಿಗೆ ಬೇಕಾದರೂ ಹೋಗಬಹುದು. ಕೆಲವು ಕಾಲೇಜುಗಳು ಜನವರಿಯಲ್ಲಿ ಎರಡನೆಯ ಅರ್ಲಿ ಡಿಸಿಷನ್ ಸುತ್ತನ್ನೂ ನಡೆಸುತ್ತವೆ. ಮೊದಲ ಸೋಲಿನ ನೋವಿನಲ್ಲಿ ಅದಕ್ಕೆ ಕೈ ಹಾಕಬೇಡ. ಅದೂ ಇಷ್ಟೇ ಗಟ್ಟಿಯಾದ ಮಾತು. ಮೇಲಿನ ಪ್ರಶ್ನೆಗಳನ್ನೆಲ್ಲ ಅದಕ್ಕೂ ಕೇಳು.

ಹಾಗಾಗಿ ಈ ಭಾನುವಾರ ಮೂವರೂ ಕೂತುಕೊಳ್ಳಿ. ಸಾಲ ಬಿಟ್ಟು ವರ್ಷಕ್ಕೆ ಎಷ್ಟು ಕೊಡಬಲ್ಲಿರಿ, ಸಾಲ ಮಾಡಿದರೆ ಎಷ್ಟು, ಮನೆ ಅಡವಿಡುವುದು ಒಪ್ಪಿಗೆಯೋ ಇಲ್ಲವೋ, ನಿಮ್ಮಣ್ಣನ ಓದಿಗೆ ಇನ್ನೆಷ್ಟು ಬೇಕು, ಇಷ್ಟನ್ನು ಅಪ್ಪ ಒಂದು ಹಾಳೆಯಲ್ಲಿ ಬರೆಯಲಿ. ಅಮ್ಮ ಸುಮ್ಮನಿದ್ದರೆ ಅವಳ ಅಭಿಪ್ರಾಯವನ್ನೂ ಕೇಳು. ನನ್ನ ತಂಗಿ ಲೆಕ್ಕದಲ್ಲಿ ನಿಮ್ಮೆಲ್ಲರಿಗಿಂತ ಗಟ್ಟಿ. ಆ ಹಾಳೆಯ ಫೋಟೊ ತೆಗೆದು ನನಗೆ ವಾಟ್ಸ್ಆ್ಯಪ್ ಮಾಡು. ನಿನ್ನ ಪಟ್ಟಿಯ ಒಂದೊಂದು ಕಾಲೇಜನ್ನೂ ಅದರ ಪಕ್ಕ ಇಟ್ಟು ನೋಡೋಣ. ಅದರ ಮುಂದಿನ ಶನಿವಾರ ನಿಮ್ಮ ರಾತ್ರಿ ಎಂಟಕ್ಕೆ ನಾನು ಬಿಡುವಾಗಿರುತ್ತೇನೆ.

ನಿನ್ನ ದೊಡ್ಡಮ್ಮ